ಕುಂಬಳಕಾಯಿಗೂ ಹತ್ತಿದ ಕೆಂಪು ಬಲ್ಬು

ಬರ್ಕೊಳ್ತಿದ್ದೀಯೇನೇ ತಂಗಿ? ಪೆನ್ನು ಓಡ್ತಿದೆ ತಾನೇ? ಸರಿ, ನನ್ನ ಅಳಿಯನ ವಿಷಯ ಹೇಳ್ತೀನಿ. ನಡುವೆ ಬಾಯಿ ಹಾಕ್ಬೇಡ, ನಂಗೆ ಮೊದಲೇ ದಾರಿ ತಪ್ಪೋ ಅಭ್ಯಾಸ.

ಅವನದು ಫ್ಯಾನು, ಮೋಟಾರು ವೈಂಡಿಂಗ್ ಕೆಲಸ. ಸುಟ್ಟುಹೋದ ಮೋಟಾರಿನ ಹಳೇ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತೋದು. ಕೂದಲೆಳೆಯಷ್ಟು ಸಣ್ಣ ತಂತಿ ಕಣೇ. ಒಂದು ಸುರುಳಿಗೆ ಇಷ್ಟೇ ಸುತ್ತು ಅಂತಿರುತ್ತೆ, ತಪ್ಪಿದ್ರೆ ಫ್ಯಾನು ಬಿಸಿಯಾಗಿ ಮತ್ತೆ ಹೊಗೆ. ಎಣಿಸೋಕೆ ಮೀಟರ್ ಇದೆ, ಆದ್ರೆ ಅವನು ಅದನ್ನ ನಂಬಲ್ಲ. ಬಾಯಲ್ಲೇ ಎಣಿಸ್ತಾನೆ. ಇಪ್ಪತ್ತೆರಡು ವರ್ಷದಿಂದ ಎಣಿಸ್ತಾನೇ ಇದ್ದಾನೆ.

ಅವನು ನಮ್ಮನೆಗೆ ಮೊದಲು ಬಂದಿದ್ದೇ ಫ್ಯಾನ್ ರಿಪೇರಿಗೆ. ಪಾಪ ಅಂತ ಟೀ ಮಾಡಿ, "ಎಷ್ಟು ಚಮಚ ಸಕ್ಕರೆ ಹಾಕ್ಲಪ್ಪಾ?" ಅಂದೆ. ತಲೆ ಎತ್ತದೆ "ಮುನ್ನೂರ ಎಂಟು" ಅಂದ. ನನ್ನ ಮಗಳು ಒಳಗಿಂದ ಬಿದ್ದು ಬಿದ್ದು ನಕ್ಕಳು ನೋಡು, ಆ ನಗು ನಿಲ್ಲೋಷ್ಟರಲ್ಲಿ ಮದುವೆ ಆಗಿಹೋಗಿತ್ತು. ಆ ಫ್ಯಾನು ಇನ್ನೂ ತಿರುಗ್ತಿದೆ. ಸ್ವಲ್ಪ ಕಟಕಟ ಅನ್ನುತ್ತೆ, ನನ್ನ ಮೊಣಕಾಲಿನ ಹಾಗೆ. ಇರ್ಲಿ, ಮೊಣಕಾಲಿನ ವಿಷಯ ಬರೀಬೇಡ.

ನಗಿಸಿದ್ದೇ ಆಮೇಲೆ ಅಳಿಸೋಕೆ ಶುರುವಾಯ್ತು. ಅಂಗಡಿ ಬೆಂಕಿಪೊಟ್ಟಣದಷ್ಟು ಇರೋದು, ಸಣ್ಣ ಕೆಲಸವೆಲ್ಲ ಮನೆಗೆ ತರ್ತಾನೆ. ಊಟದ ಮೇಜಿನ ತುಂಬ ತಾಮ್ರದ ಉಂಡೆ, ವಾರ್ನಿಷ್ ಡಬ್ಬಿ, ಬೆಸುಗೆ ಕಡ್ಡಿ. ನಾವು ಮೂರೂ ಜನ ತೊಡೆ ಮೇಲೆ ತಟ್ಟೆ ಇಟ್ಕೊಂಡು ಉಣ್ಣೋದು. ಆದ್ರೆ ಆ ಮೇಜು ಅವನ ಪ್ರಾಣ. ಕಿಟಕಿ ಬೆಳಕು ನೇರ ಬೀಳುತ್ತೆ, ಬೀದಿ ಗಲಾಟೆ ಇಲ್ಲ, ಕೈ ಚಾಚಿದ್ರೆ ಎಲ್ಲಾ ಸಿಗುತ್ತೆ.

ಮಗಳು ಹಲ್ಲಿನ ಡಾಕ್ಟರ ಹತ್ರ ಸಹಾಯಕಿ. ದಿನವಿಡೀ ಬೇರೆಯವರಿಗೆ "ಬಾಯಿ ತೆಗೀರಿ" ಅಂದು ಅಂದು, ಮನೆಗೆ ಬಂದ ಮೇಲೆ ತನ್ನ ಬಾಯಿ ತೆಗೀತಾಳೆ. ಹಾಗಂತ ಬರೆದಿದ್ದು ಅವಳಿಗೆ ತೋರಿಸ್ಬೇಡ ಮತ್ತೆ. ಅವಳು ಹೇಳ್ತಾ ಹೋದ್ರೆ ಇವನು "ಹೂಂ, ನೂರಾ ಹದಿನೇಳು" ಅಂತಾನೆ.

ಒಂದಿನ ಅವಳಿಗೆ ರೇಗಿಹೋಯ್ತು. "ರೀ, ನಾನು ಮಾತಾಡ್ತಿದ್ರೆ ನಿಮ್ಮ ತಲೆ ಎಲ್ಲಿರುತ್ತೆ?"

"ಇಲ್ಲೇ ಇರುತ್ತಲ್ಲ."

"ಕತ್ತಿನ ಮೇಲಿದೆ, ಕಾಣುತ್ತೆ. ಒಳಗಿರೋದು ಎಲ್ಲಿರುತ್ತೆ ಅಂತ ಕೇಳಿದ್ದು."

ಅದೇ ವಾರ ಅವಳ ಹಲ್ಲಿನ ಆಸ್ಪತ್ರೆಯವರು ಒಂದು ಆಟದ ಸಾಮಾನು ಬಿಸಾಕಿದ್ರು. ಕಾಯೋ ರೋಗಿಗಳ ಭಯ ಮರೆಸೋಕೆ ತಂದಿದ್ದಂತೆ. ಹಣೆಗೆ ಒಂದು ಪಟ್ಟಿ, ಕಿವಿಗೆ ಒಂದು ಕ್ಲಿಪ್. ಮನಸ್ಸಿಟ್ಟು ಯೋಚನೆ ಮಾಡಿದ್ರೆ ಮಿದುಳಿನ ಅಲೆ ಹಿಡಿದು ಪುಟಾಣಿ ಫ್ಯಾನು ತಿರುಗಿ, ಕೊಳವೆಯಲ್ಲಿ ಬೆಂಡಿನ ಚೆಂಡು ಮೇಲೇಳ್ಬೇಕು. ಹಲ್ಲು ಕೀಳಿಸೋಕೆ ಬಂದವರ ಮನಸ್ಸು ನಿಲ್ಲುತ್ಯೇ? ಒಂದಿನಾನೂ ಚೆಂಡು ಏಳ್ಲಿಲ್ಲ. ಮಗಳು ಅದನ್ನ ಮನೆಗೆ ತಂದ್ಲು.

ಅಳಿಯನ ಕಣ್ಣು ಹೊಳೀತು. ಅವನ ಕಸುಬಿನಲ್ಲಿ ಏನೇ ಅನುಮಾನ ಬಂದ್ರೂ ಒಂದೇ ಪರೀಕ್ಷೆ, ತಂತಿಗೆ ಬಲ್ಬು ಹಾಕಿ ನೋಡೋದು. ಬಲ್ಬು ಹತ್ತಿದ್ರೆ ನಿಜ, ಹತ್ತದಿದ್ರೆ ಸುಳ್ಳು. ಮೂರು ದಿನ ಕೂತು ಆ ಆಟಿಕೆಯ ಹೊಟ್ಟೆ ಸೀಳಿದ. ಪುಟಾಣಿ ಫ್ಯಾನಿಗೆ ಹೋಗೋ ಎರಡು ತಂತಿ ಕತ್ತರಿಸಿ, ತನ್ನ ಕೆಂಪು ಬಲ್ಬಿಗೆ ಬೆಸೆದ. "ನೋಡು, ನೀನು ಮಾತಾಡು. ನಾನು ಮನಸ್ಸಿಟ್ಟು ಕೇಳ್ತಿದ್ರೆ ಇದು ಉರಿಯುತ್ತೆ."

ಮಗಳು ಬಿಡ್ತಾಳ್ಯೇ? "ಭಾನುವಾರ ಮಧ್ಯಾಹ್ನ, ಹತ್ತು ನಿಮಿಷ. ಬಲ್ಬು ಆರಿದ್ರೆ ಮೇಜು ಖಾಲಿ. ಒಂದು ತಂತಿ ತುಂಡೂ ಉಳೀಕೂಡದು."

ಅವನು ಮುಖ ಸಣ್ಣ ಮಾಡ್ಕೊಂಡ್ರೂ ಒಪ್ಪಿದ.

ಈಗ ನನ್ನ ಕಥೆ ಕೇಳು. ಶನಿವಾರ ಮನೇಲಿ ಯಾರೂ ಇರ್ಲಿಲ್ಲ. ನನ್ನ ತಲೇಲಿ ಏನಿದೆ ನೋಡೋಣ ಅಂತ ಪಟ್ಟಿ ಕಟ್ಕೊಂಡೆ. ಮನಸ್ಸಿಟ್ಟು ಯೋಚಿಸ್ದೆ, ಬಲ್ಬು ಸುಮ್ಮನಿತ್ತು. ಬೇಜಾರಾಗಿ ಹುರಿಗಡಲೆ ಬಾಯಿಗೆ ಹಾಕ್ಕೊಂಡೆ, ಹತ್ತಿಬಿಡ್ತು! ಅಗಿದಾಗ ಬೆಳಕು, ನುಂಗಿದಾಗ ಕತ್ತಲೆ. ಇದೇನಪ್ಪಾ ಇದು, ದವಡೆ ಅಲುಗಾಡಿದ್ರೂ ಬುದ್ಧಿ ಅನ್ನುತ್ತಲ್ಲ! ಪಕ್ಕದಲ್ಲೇ ಫ್ರಿಜ್ ಮೇಲೆ ಒಂದು ಕುಂಬಳಕಾಯಿ ಕೂತಿತ್ತು. ಅದಕ್ಕೆ ಒದ್ದೆ ಬಟ್ಟೆ ಸುತ್ತಿ, ಪಟ್ಟಿ ಕಟ್ಟಿ, ಕ್ಲಿಪ್ ತೊಟ್ಟಿಗೆ ಸಿಗಿಸ್ದೆ. ಕೆಂಪಗೆ ಉರೀತು ಕಣೇ! ಒಂದು ಸಲವೂ ಮಿಟುಕದೆ! ನಮ್ಮ ಮನೇಲಿ ಅಷ್ಟು ಏಕಾಗ್ರತೆ ಇರೋ ಪ್ರಾಣಿ ಅದೊಂದೇ. ನಾನು ಯಾರಿಗೂ ಹೇಳ್ಲಿಲ್ಲ. ಬಲ್ಬು ಉರಿದ್ರೆ ಅಳಿಯನಿಗೆ ಮೇಜು ಉಳಿಯುತ್ತೆ, ಪಾಪ, ನಾನ್ಯಾಕೆ ಕಲ್ಲು ಹಾಕ್ಲಿ?

ಭಾನುವಾರ ಬಂತು. ಅಳಿಯ ಪಟ್ಟಿ ಕಟ್ಟಿ, ಕೈಕಟ್ಟಿ ಕೂತ, ತಲೆನೋವಿಗೆ ಬಟ್ಟೆ ಬಿಗಿದೋರ ಹಾಗೆ. ನಾನು ಗಡಿಯಾರ ಹಿಡಿದೆ. ಮಗಳು ಶುರು ಹಚ್ಚಿದ್ಲು. ಯಾರೋ ಡಾಕ್ಟರ ಬೆರಳು ಕಚ್ಚಿದ್ದು, ಉಪಕರಣ ಕುದಿಸೋ ಪೆಟ್ಟಿಗೆ ಮುಚ್ಚಳ ಸಿಕ್ಕಿಹಾಕ್ಕೊಂಡಿದ್ದು... ಬಲ್ಬು ಉರೀತಾನೇ ಇದೆ. "ಆಮೇಲೆ ಡಾಕ್ಟರು..." ಅಂದ್ಲು, ನಿಂತ್ಲು. "ಹೋಗ್ಲಿ ಬಿಡಿ" ಅಂದು, ಬಟ್ಟೆ ಒಣಹಾಕೋ ಹಗ್ಗ ಸಡಿಲ ಆಗಿರೋ ವಿಷಯಕ್ಕೆ ಹಾರಿದ್ಲು. ಹತ್ತು ನಿಮಿಷ ಆಯ್ತು. ಬಲ್ಬು ಆರಿರ್ಲಿಲ್ಲ.

ಮಗಳ ಮುಖ ಅರಳ್ತು. "ಸರಿ, ಗೆದ್ರಿ. ಈಗ ಹೇಳಿ, ನಾನು ಏನು ಹೇಳಿದೆ?"

ಅಳಿಯ ಬಾಯಿ ಬಿಟ್ಟ. "ಸಾವಿರದ ಇನ್ನೂರ ಏಳು."

"ಏನು?"

"ಮಾತು ಕಣೇ. ಒಂದು ಮಾತಿಗೆ ಒಂದು ಸುತ್ತು ಅಂತ ಎಣಿಸ್ದೆ. ಹಾಗೆ ಮಾಡಿದ್ರೆ ಮನಸ್ಸು ಅಲ್ಲಾಡಲ್ಲ."

ಬಲ್ಬು ಉರಿದ್ರೇನು, ಮಾತು ಕೇಳಿಲ್ಲವಲ್ಲ ಅಂತ ಮಗಳು ಮೇಜು ಖಾಲಿ ಮಾಡೋಕೆ ವಾರ್ನಿಷ್ ಡಬ್ಬಿ ಎತ್ಕೊಂಡ್ಲು. ನಾನು ಸುಮ್ಮನಿರ್ಬೇಕಿತ್ತು. ಆದ್ರೆ ಆ ಯಂತ್ರಾನೇ ಸುಳ್ಳು ಅಂತಾದ್ರೆ ಪಂದ್ಯಾನೂ ರದ್ದಾಗುತ್ತಲ್ಲ, ಅಳಿಯ ಉಳ್ಕೊಳ್ತಾನೆ ಅಂತ ನನ್ನ ಲೆಕ್ಕ. ಕುಂಬಳಕಾಯಿ ತಂದು ಮೇಜಿನ ಮೇಲಿಟ್ಟೆ, ಒದ್ದೆ ಬಟ್ಟೆ ಸುತ್ತಿ ಪಟ್ಟಿ ಕಟ್ಟಿದೆ. ಬಲ್ಬು ಜಗಜಗ.

"ಅತ್ತೆ, ನೀವೂನಾ?" ಅಂದ ಅಳಿಯ. ಮುಖ ಬಿಳಿಚಿಹೋಗಿತ್ತು. "ಫ್ರಿಜ್ಜಿನ ಕರೆಂಟು ಗಾಳೀಲಿ ಗುಂಯ್ ಅನ್ನೋದನ್ನೂ ಇದು ಯೋಚನೆ ಅಂದ್ಕೊಂಡಿದೆ. ಛೇ, ಇದನ್ನ ನಾನೇ ನೋಡ್ಬೇಕಿತ್ತು."

"ಅಂದ್ರೆ ನನ್ನ ಮಾತು ಕೇಳೋಕೆ ಕುಂಬಳಕಾಯಿ ಸಾಕು!" ಮಗಳು ಗೋಣಿಚೀಲ ತಂದು ತಾಮ್ರದ ಉಂಡೆಗಳನ್ನ ಒಂದೊಂದಾಗಿ ಎಸೆಯೋಕೆ ಶುರು ಮಾಡಿದ್ಲು. ಧಡ್, ಧಡ್. ಅಳಿಯ ತಡೀಲಿಲ್ಲ. ಚೀಲದ ಬಾಯಿ ಅವನೇ ಹಿಡ್ಕೊಂಡ, ಅದನ್ನಂತೂ ನೋಡೋಕಾಗ್ಲಿಲ್ಲ ನಂಗೆ. ಅರ್ಧ ಮೇಜು ಖಾಲಿ ಆದಾಗ ಮೆಲ್ಲಗೆ ಅಂದ, "ಆರುನೂರ ನಲವತ್ತರಲ್ಲಿ ತಂತಿ ಕಡೀತು."

"ಯಾವ ತಂತಿ ರೀ?"

"ನಿನ್ನ ಮಾತು. 'ಆಮೇಲೆ ಡಾಕ್ಟರು' ಅಂದೆ, ಅಲ್ಲಿ ಕಡೀತು. ನೀನು ಮುಂದಕ್ಕೆ ಸುತ್ತಿಬಿಟ್ಟೆ. ಕಡಿದ ಜಾಗ ಬೆಸೆಯದೆ ಸುತ್ತಿದ್ರೆ ಮೋಟಾರು ಓಡಲ್ಲ ಕಣೇ. ಡಾಕ್ಟರು ಏನಂದ್ರು?"

ಮಗಳ ಕೈಯಲ್ಲಿದ್ದ ಉಂಡೆ ಕೈಯಲ್ಲೇ ಉಳೀತು. ಕುರ್ಚಿ ಎಳ್ಕೊಂಡು ಕೂತ್ಲು. ಆಮೇಲೆ ಹೊರಬಿತ್ತು ನೋಡು. ಶುಕ್ರವಾರ ಅವಳು ಇಬ್ಬರು ರೋಗಿಗಳ ಕಟ್ಟಿಸಿದ ಹಲ್ಲು ಸೆಟ್ಟು ಅದಲು ಬದಲು ಕೊಟ್ಟುಬಿಟ್ಟಿದ್ದಾಳೆ. ಮೇಷ್ಟ್ರ ಹಲ್ಲು ದರ್ಜಿಗೆ, ದರ್ಜಿ ಹಲ್ಲು ಮೇಷ್ಟ್ರಿಗೆ. ಮೇಷ್ಟ್ರು ವಾಪಸ್ ಬಂದು ಕಿರುಚಾಡೋಕೆ ಹೋಗಿದ್ದಾರೆ, ಪ್ರತಿ ಬೈಗುಳಕ್ಕೂ ಹಲ್ಲು ಅಂಗೈಗೆ ಬೀಳ್ತಿತ್ತಂತೆ. ದರ್ಜಿ ಮಾತ್ರ ಇದೇ ಚೆನ್ನಾಗಿ ಕೂರುತ್ತೆ, ಕೊಡಲ್ಲ ಅಂತ ಬಾಯಿ ಬಿಗಿದು ಕೂತಿದ್ದಾನೆ. ಡಾಕ್ಟರು ಎಲ್ಲರ ಎದುರಿಗೆ, ಇನ್ಮೇಲೆ ನೀನು ರೋಗಿಗಳನ್ನ ಮುಟ್ಬೇಡ, ಬಟ್ಟಲು ತೊಳಿ ಸಾಕು ಅಂದ್ರಂತೆ. ಎರಡು ದಿನದಿಂದ ಹೊಟ್ಟೇಲಿ ಇಟ್ಕೊಂಡಿದ್ಲು. ಹೇಳ್ತಾ ಹೇಳ್ತಾ ಅತ್ಲು, ದರ್ಜಿ ವಿಷಯ ಬಂದಾಗ ನಕ್ಕಳು, ಮತ್ತೆ ಅತ್ಲು. ಅಳಿಯ ತುಟಿ ಅಲ್ಲಾಡಿಸದೆ ಕೂತಿದ್ದ.

ಎಲ್ಲಾ ಮುಗಿದ ಮೇಲೆ ಅವಳು ಮೂಗು ಒರೆಸ್ಕೊಂಡು ಕೇಳಿದ್ಲು, "ಎಷ್ಟಾಯ್ತು?"

"ಏನು?"

"ಸುತ್ತು."

ಅಳಿಯ ತಬ್ಬಿಬ್ಬಾದ. "ಅಯ್ಯೋ, ಎಣಿಸೋದೇ ಮರೆತೆ."

ಮಗಳು ಚೀಲದಿಂದ ಒಂದು ಉಂಡೆ ತೆಗೆದು ಮೇಜಿನ ಮೇಲಿಟ್ಲು. ಆಮೇಲೆ ಇನ್ನೊಂದು. ಅರ್ಧ ಮೇಜು ತುಂಬಿದ ಮೇಲೆ ನಿಲ್ಲಿಸಿದ್ಲು. ಉಳಿದರ್ಧದಲ್ಲಿ ಈಗ ಮೂರು ತಟ್ಟೆ ಇಡ್ತೀವಿ, ನನ್ನ ತಟ್ಟೇಲಿ ಆಗಾಗ ತಾಮ್ರದ ಚೂರು ಸಿಗುತ್ತೆ, ಅಷ್ಟೇ.

ಕುಂಬಳಕಾಯೀನಾ? ಇನ್ನೂ ಫ್ರಿಜ್ ಮೇಲೆ ಪಟ್ಟಿ ಕಟ್ಕೊಂಡು ಕೂತಿದೆ. ಎರಡು ಸಲ ಚಾಕು ಹಿಡ್ಕೊಂಡು ಹೋದೆ. ಅಷ್ಟು ಮನಸ್ಸಿಟ್ಟು ನನ್ನ ಮೊಣಕಾಲಿನ ಕಥೆ ಕೇಳಿದ್ದು ಈ ಮನೇಲಿ ಅದೊಂದೇ ತಾನೇ, ಕತ್ತರಿಸೋಕೆ ಕೈ ಬರ್ಲಿಲ್ಲ.