ಅಜ್ಜಿಯ ಮೊಣಕಾಲು, ದುರ್ಗವ್ವನ ಹರಕೆ

ಗಂಗಾವತಿ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜಿಯ ಮೊಣಕಾಲು ಕುಂಬಳಕಾಯಿಯಂತೆ ಊದಿತ್ತು. ಕಾಲು ಕೆಂಡದಂಗ ಸುಡತೈತಿ, ರಾತ್ರಿಯಿಂದ ಜ್ವರ ಬೇರೆ, ಎಂದು ಆಕೆಯೇ ಹೇಳಿದಳು.

"ಡಾಕ್ಟರಿಗೆ ತೋರಿಸೀರೇನ್ರಿ ಯವ್ವಾ?"

"ಹ್ಯಾಂಗ ತೋರಸ್ಲೋ ತಮ್ಮಾ? ಕಾಲು ನೆಟ್ಟಗಾದ್ರ ಗುಡ್ಡ ಹತ್ತಿ ಉಡಿ ತುಂಬ್ತೀನಿ ಅಂತ ಹೇಮಗುಡ್ಡದ ದುರ್ಗವ್ವಗ ಬೇಡ್ಕೊಂಡೀನಿ. ನಡುವ ಡಾಕ್ಟರ್ ಆರಾಮ ಮಾಡಿದ್ರ ಆಕಿ ಸಿಟ್ಟಾಗಂಗಿಲ್ಲೇನು?"

ಇಡೀ ಬಸ್ಸು ಅಜ್ಜಿಯ ಪರ ತಲೆಯಾಡಿಸಿತು. ಊದಿ, ಬಿಸಿಯಾಗಿ, ಜ್ವರವೂ ಬಂದರೆ ತಡಮಾಡಬಾರದು, ಒಳಗೆ ಕೀವಾಗಿ ಕೀಲೇ ಹೋದೀತು ಎಂದೆ. ಅಜ್ಜಿ ಜಗ್ಗಲಿಲ್ಲ. ಕೊನೆಗೆ ನಾನೂ ದೇವಿಯನ್ನೇ ಹಿಡಿದೆ.

"ದುರ್ಗವ್ವ ಗುಡ್ಡ ಇಳಿದು ಬಂದು ಸೂಜಿ ಚುಚ್ಚತಾಳೇನ್ರಿ? ಡಾಕ್ಟರ್ ಕೈಯಾಗ, ಬಾಯಾಗ ಆಕಿನೇ ಕುಂತಿರ್ತಾಳ."

"ಹಂಗಾದ್ರ ನಡಿ," ಎಂದು ಅಜ್ಜಿ ನನ್ನ ಭುಜ ಹಿಡಿದಳು.

ಗಂಗಾವತಿಯ ಡಾಕ್ಟರು ಮೊಣಕಾಲಿನ ನೀರು ತೆಗೆದು, ಅಜ್ಜಿಯನ್ನು ದಾಖಲು ಮಾಡಿಕೊಂಡರು. "ಛಲೋ ವ್ಯಾಳ್ಯಾಕ್ಕ ಬಂದೀರಿ, ಕಾಲು ಉಳೀತೈತಿ. ಆದ್ರ ಇನ್ನ ಗುಡ್ಡಗಿಡ್ಡ ಹತ್ತಬ್ಯಾಡ್ರಿ," ಎಂದರು.

ಅಜ್ಜಿ ನನ್ನತ್ತ ತಿರುಗಿದಳು. "ಕೇಳಿದೇನಪಾ? ಆಕಿನೇ ಬ್ಯಾಡ ಅಂದ್ಲು."

ಹರಕೆಯೊಂದು ಇಷ್ಟು ಬೇಗ ಮನ್ನಾ ಆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.