ನಾರ್ಮಲ್ ಬಂದ ರಕ್ತ

ಎಡ ಎದೆಯಲ್ಲಿ ಗಂಟು ಕೈಗೆ ಸಿಕ್ಕಿದಾಗ ನನಗೆ ನಲವತ್ತೊಂದು. ಬಾಳೂರಿನ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಮೂಡಿಗೆರೆಯ ಡಾಕ್ಟರು ಮುಟ್ಟಿ ನೋಡಿ, "ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆ ಮಾಡಿಸ್ಬೇಕು, ತಡ ಮಾಡ್ಬೇಡಿ" ಎಂದು ಹಾಸನಕ್ಕೆ ಚೀಟಿ ಬರೆದುಕೊಟ್ಟರು.

ಆ ಚೀಟಿಯನ್ನು ನನ್ನ ಕೈಯಿಂದ ಕಿತ್ತುಕೊಂಡವರು ಗಂಡನ ಅಣ್ಣ. ತೋಟವೂ ಮನೆಯೂ ನಡೆಯುತ್ತಿದ್ದುದು ಅವರ ಮಾತಿನ ಮೇಲೆ. "ಸೂಜಿ ಚುಚ್ಚಿದ್ರೆ ಗಂಟು ಕೆರಳಿ ಮೈಗೆಲ್ಲ ಹರಡ್ತದೆ. ಈಗ ರಕ್ತದಲ್ಲೇ ಗೊತ್ತಾಗ್ತದಂತೆ" ಎಂದು ಪೇಟೆಯ ಒಂದು ಲ್ಯಾಬಿಗೆ ಜೀಪಿನಲ್ಲಿ ಕರೆದೊಯ್ದರು. ಟ್ಯೂಮರ್ ಮಾರ್ಕರ್ ಎಂಬ ಆ ಪರೀಕ್ಷೆ ನಾರ್ಮಲ್ ಬಂತು. ಊಟಕ್ಕೆ ಕೂತಾಗ ಎಲ್ಲರಿಗೂ ಓದಿ ಹೇಳಿದರು.

"ಡಾಕ್ಟರು ಹೇಳಿದ್ದು ಬೇರೆ ಪರೀಕ್ಷೆ ಅಲ್ವಾ ಭಾವ?" ಎಂದೆ.

"ನಿಂಗೆ ಕಾಯಿಲೆ ಬೇಕೇ ಬೇಕಾ?"

ಗಂಡ ಅನ್ನ ಕಲಸುತ್ತಾ ತಲೆ ಎತ್ತಲಿಲ್ಲ. ಆ ಇಬ್ಬರಲ್ಲಿ ಯಾರನ್ನು ಹೆಚ್ಚು ದ್ವೇಷಿಸಿದೆ ಎಂದು ಇವತ್ತಿಗೂ ಹೇಳಲಾರೆ.

ಕಾಫಿ ಕೊಯ್ಲು ಮುಗಿಯುವಷ್ಟರಲ್ಲಿ ನೆಲ್ಲಿಕಾಯಿಯಷ್ಟಿದ್ದ ಗಂಟು ನಿಂಬೆಹಣ್ಣಿನಷ್ಟಾಯಿತು. ಯಾರಿಗೂ ಹೇಳದೆ ರಜೆ ಬರೆದುಕೊಟ್ಟು ಬೆಳಗಿನ ಬಸ್ಸು ಹತ್ತಿದೆ. ಹಾಸನದ ಡಾಕ್ಟರಮ್ಮ ಲ್ಯಾಬಿನ ರಿಪೋರ್ಟ್ ನೋಡಿ ಪಕ್ಕಕ್ಕಿಟ್ಟರು.

"ಶುರುವಿನಲ್ಲಿ ಇದು ಎಷ್ಟೋ ಜನಕ್ಕೆ ನಾರ್ಮಲ್ಲೇ ಬರ್ತದೆ. ಇದನ್ನ ನಂಬ್ಕೊಂಡು ಕೂತ್ರಾ?"

"ನಾನು ಕೂರ್ಲಿಲ್ಲ, ಕೂರಿಸಿದ್ರು."

ಚೂರು ತೆಗೆದು ನೋಡಿದಾಗ ಬೇಗ ಬೆಳೆಯುವ ಜಾತಿಯ ಕ್ಯಾನ್ಸರ್ ಎಂದು ಬಂತು. ಹಾರ್ಮೋನು ಮಾತ್ರೆಗೆ ಬಗ್ಗದಂಥದ್ದು. ಕಂಕುಳಿಗೂ ಇಳಿದಿತ್ತು. ಕೀಮೋ, ಆಪರೇಷನ್, ರೇಡಿಯೇಷನ್ ಎಲ್ಲವೂ ಆದವು. ಕೀಮೋಗೆ ಕೂದಲು ಉದುರಿದ್ದ ದಿನಗಳಲ್ಲಿ ಭಾವ ಕಿತ್ತಳೆ ಹಣ್ಣು ಹಿಡಿದು ಆಸ್ಪತ್ರೆಗೆ ಬಂದರು.

"ರಕ್ತ ಸರಿಯಿತ್ತಲ್ಲ ಮಾರಾಯ್ತಿ, ನಂಗೇನು ಗೊತ್ತು?"

"ಗೊತ್ತಿಲ್ಲ ಅಂತ ಆವತ್ತೇ ಹೇಳ್ಬೇಕಿತ್ತು. ಹಣ್ಣು ತಗೊಂಡು ಹೋಗಿ ಭಾವ."

ಅವರು ಚೀಲ ಎತ್ತಿಕೊಂಡು ಹೊರಟರು. "ದೊಡ್ಡವರಿಗೆ ಹಾಗನ್ನೋದಾ?" ಎಂದ ಗಂಡ. ನೀವೂ ಅವರ ಜೊತೆ ಹೋಗಬಹುದು ಎಂದೆ. ಅವನು ನಿಜಕ್ಕೂ ಹೋದ.

ಚಿಕಿತ್ಸೆ ಮುಗಿದ ಮೇಲೆ ಡಾಕ್ಟರಮ್ಮ ಸಂಶೋಧನೆಗೆಂದು ಇನ್ನೊಂದು ಟ್ಯೂಬ್ ರಕ್ತ ಕೇಳಿದರು. ಇಂಥ ಗಂಟನ್ನು ಮುಂದೆ ರಕ್ತದಲ್ಲೇ ಬೇಗ ಗುರುತಿಸಲು ಆದೀತೇ ಎಂದು ನೋಡುತ್ತಿದ್ದಾರಂತೆ. ಮತ್ತೆ ಅದೇ ರಕ್ತದ ಮಾತೇ ಎಂದು ನನಗೆ ಮೈಯೆಲ್ಲ ಉರಿಯಿತು.

"ಆಗ್ತದೋ ಇಲ್ವೋ ಇನ್ನೂ ಗೊತ್ತಿಲ್ಲ" ಎಂದು ಅವರೇ ಒಪ್ಪಿಕೊಂಡರು. ಅಷ್ಟು ಪ್ರಾಮಾಣಿಕವಾಗಿ ನನಗೆ ಯಾರೂ ಹೇಳಿರಲಿಲ್ಲ. ರಕ್ತ ಕೊಟ್ಟೆ.

ಈಗ ಮೂಡಿಗೆರೆಯಲ್ಲಿ ಬಾಡಿಗೆ ಮನೆ, ನಾನೊಬ್ಬಳೇ. ಭಾವ ದಾರಿಯಲ್ಲಿ ಎದುರಾದರೆ ಜೀಪು ನಿಧಾನ ಮಾಡುತ್ತಾರೆ. ನಾನು ನಿಲ್ಲುವುದಿಲ್ಲ.