ರೈಲಿನ ಹುಡುಗನ ಹೆಸರಿನ ಕಾಯಿ

ಚಳಿಗಾಲದ ಸಂಜೆಗಳಲ್ಲಿ ಶಹಾಪುರದ ಬಸ್ ನಿಲ್ದಾಣಕ್ಕೆ ಒಂದು ವಾಸನೆ ಬರುತ್ತದೆ. ಬಸ್ಸು ಹೊರಡುವ ಹೊತ್ತಿಗೆ ಹೆಂಗಸರು ತಲೆಯ ಮೇಲಿನ ಬುಟ್ಟಿಯನ್ನು ಇಳಿಸಿ ಕಿಟಕಿಗೆ ಎತ್ತಿ ಹಿಡಿಯುತ್ತಾರೆ. ಮೇಲೆ ಹೊದಿಸಿದ ಒದ್ದೆ ಬಟ್ಟೆ ಸರಿಸಿದರೆ ಸಾಕು, ಉಪ್ಪು ಹಾಕಿ ಕುದಿಸಿದ ಹಸಿ ತೊಗರಿಕಾಯಿಯ ಹಬೆ ಮುಖಕ್ಕೆ ಬಡಿಯುತ್ತದೆ. ಹಸಿರು ಸಿಪ್ಪೆ, ಹೊಲದ ಮಣ್ಣು, ಉಪ್ಪು ಎಲ್ಲ ಬೆರೆತ ವಾಸನೆ ಅದು. ನಾನು ಅಲ್ಲಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳಿ, ಸಂಜೆ ಸುರಪುರದ ಬಸ್ಸು ಹಿಡಿದು ರಂಗಂಪೇಟೆಯ ಮನೆಗೆ ಮರಳುವವಳು. ಮೊನ್ನೆ ಒಂದು ಅಮೆರಿಕನ್ ಕಾದಂಬರಿಯ ಪಾಠ ಮುಗಿಸಿದಾಗ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ಇಷ್ಟೆಲ್ಲಾ ತಪ್ಪು ಮಾಡಿದವನ್ನ ನಾವು ಯಾಕ ಮೆಚ್ಕೋಬೇಕ್ರಿ?" ಎಂದು ಕೇಳಿದಳು. ಗೈಡಿನಲ್ಲಿದ್ದ ಉತ್ತರವನ್ನೇ ಹೇಳಿ ಕೂಡಿಸಿದೆ. ಆದರೆ ಸಂಜೆ ಬಸ್ಸಿನಲ್ಲಿ ಕೂತು ಮೊದಲ ತೊಗರಿಕಾಯಿ ಸುಲಿಯುವಾಗ ನನ್ನ ಹಳೆಯ ಹೊಟ್ಟೆಕಿಚ್ಚು ಮತ್ತೆ ಎದ್ದು ಕೂತಿತು. ಅದರ ಜೊತೆಗೇ ನಮ್ಮ ಮನೆಯ ಮುಂದೆ ನಿಂತಿದ್ದ ಬಸ್ಸೂ ನೆನಪಾಯಿತು.

ಹೌದು, ನಮ್ಮ ಮನೆಯ ಮುಂದೆ ಒಂದು ಬಸ್ಸಿತ್ತು. ಬೇವಿನ ಮರದ ಕೆಳಗೆ, ಗಾಲಿಗಳಿಲ್ಲದೆ, ಕಲ್ಲುಗಳ ಮೇಲೆ ನಿಂತಿತ್ತು. ಅದರ ಹಣೆಯ ಮೇಲೆ ಹಳದಿ ಬಣ್ಣದಲ್ಲಿ 'ದೇವಮ್ಮ' ಎಂದು ಬರೆದಿತ್ತು. ದೇವಮ್ಮ ಎಂದರೆ ನಮ್ಮ ಆಯಿ, ಅಪ್ಪನ ತಾಯಿ. ಬಸ್ಸು ತಂದವನು ಅಪ್ಪನ ತಮ್ಮ, ಯಂಕಪ್ಪ ಕಾಕಾ. ಅವರಿವರ ಟೆಂಪೋ ಓಡಿಸಿಕೊಂಡಿದ್ದ ಅವನಿಗೆ ಸುರಪುರದಿಂದ ಯಾದಗಿರಿಯವರೆಗೆ ತನ್ನದೇ ಬಸ್ಸು ಓಡಬೇಕು, ಬುತ್ತಿ ಗಂಟು ಹಿಡಿದು ಹೊಲದ ಬದುವಿನ ಮೇಲೆ ನಿಂತವರೂ ಕೈ ಮಾಡಿದರೆ ಅದು ನಿಲ್ಲಬೇಕು ಎಂಬ ಹುಚ್ಚು. ಒಂದು ಬೆಳಿಗ್ಗೆ, ದೋರನಹಳ್ಳಿಯವರಿಗೆ ಬಿತ್ತನೆಗೆ ಕೊಟ್ಟು ಬರುತ್ತೇನೆಂದು ಕೊಟ್ಟಿಗೆಯಿಂದ ಜೋಡೆತ್ತು ಹೊಡೆದುಕೊಂಡು ಹೋದವನು, ಅವನ್ನು ಸಂತೆಯಲ್ಲಿ ಮಾರಿ, ಎಲ್ಲೆಲ್ಲಿಂದಲೋ ಇನ್ನಷ್ಟು ಕೂಡಿಸಿ, ಈ ಹಳೆಯ ಬಸ್ಸಿನೊಡನೆ ಮರಳಿದ. ಬಸ್ಸು ಒಂದು ಸುಗ್ಗಿಯವರೆಗೆ ಓಡಿತಂತೆ. ಮುದುಕರಿಗೂ ಬಸುರಿಯರಿಗೂ ಟಿಕೀಟಿಲ್ಲ. ಆಮೇಲೆ ಎಂಜಿನ್ ಕೆಟ್ಟಿತು, ಕೊಟ್ಟ ಸಾಲ ಕೇಳಲು ಬಂದವರಿಗೆಲ್ಲ ಕಾಕಾ "ಎಲ್ಲಾ ನಂದ ತಪ್ಪು, ನಮ್ಮಣ್ಣನ್ನ ಕೇಳಬ್ಯಾಡ್ರಿ" ಎಂದ, ಒಂದು ದಿನ ಎದ್ದು ಹೋದವನು ತಿರುಗಿ ಬರಲಿಲ್ಲ. ಎತ್ತಿಲ್ಲದ ಅಪ್ಪ ಕಂಡವರ ಹೊಲಕ್ಕೆ ಕೂಲಿಗೆ ಹೋಗಬೇಕಾಯಿತು. "ಅವನ ಹೆಸರು ಈ ಮನ್ಯಾಗ ಯಾರೂ ಎತ್ತಬ್ಯಾಡ್ರಿ" ಎಂದು ಅಪ್ಪ ಹೇಳಿದ. ಅಲ್ಲಿಂದ ಯಾರೂ ಎತ್ತಲಿಲ್ಲ, ಆಯಿಯೂ ಎತ್ತಲಿಲ್ಲ. ನನಗಾಗ ತಿಳಿವಳಿಕೆ ಇಲ್ಲದ ವಯಸ್ಸು. ಕಾಕಾ ಎಂದರೆ ಡೀಸೆಲ್ ಮತ್ತು ಕೊಬ್ಬರಿ ಎಣ್ಣೆ ಸೇರಿದ ಒಂದು ವಾಸನೆ ಮಾತ್ರ ನೆನಪಿದೆ.

ಎಂಜಿನ್ನು, ಗಾಲಿ, ಬ್ಯಾಟರಿ ಎಲ್ಲವನ್ನೂ ಸಾಲದವರು ಬಿಚ್ಚಿಕೊಂಡು ಹೋಗಿದ್ದರು, ಒಡಲು ಉಳಿದಿತ್ತು. ಹಿಂದಿನ ಸೀಟುಗಳಲ್ಲಿ ಕೋಳಿಗಳು ಕಾವಿಗೆ ಕೂಡುತ್ತಿದ್ದವು. ನಡುವೆ ಶೇಂಗಾ ಚೀಲ, ಜೋಳದ ಚೀಲ. ಮಧ್ಯಾಹ್ನ ತಗಡು ಕಾದು ಒಳಗೆ ಬೇಯುವಂತಾಗುತ್ತಿತ್ತು, ಸಂಜೆ ಬೇವಿನ ಗಾಳಿ ಈ ಕಿಟಕಿಯಿಂದ ಬಂದು ಆ ಕಿಟಕಿಯಿಂದ ಹೋಗುತ್ತಿತ್ತು. ಓಣಿಯ ಮಕ್ಕಳೆಲ್ಲ ಅದರಲ್ಲಿ ಕೂತು ಬಾಯಲ್ಲೇ ಹಾರ್ನ್ ಹೊಡೆದು ಹೈದರಾಬಾದಿಗೆ ಹೋಗಿ ಬರುತ್ತಿದ್ದರು. ಆದರೆ ಚಾಲಕನ ಸೀಟಿನ ಮೇಲೆ ಮಾತ್ರ ಯಾರೂ ಕೂಡುವಂತಿಲ್ಲ. ಆಯಿ ದಿನಾ ಬೆಳಿಗ್ಗೆ ಕೋಳಿಗಳನ್ನು ಬಿಟ್ಟ ಮೇಲೆ ಸೆರಗಿನ ತುದಿಯಿಂದ ಅದನ್ನೊಂದು ಸಲ ಒರೆಸುತ್ತಿದ್ದಳು. ನಾನು ಹತ್ತಲು ಹೋದರೆ, "ಏ ನಾಗಿ, ಇಳಿ. ಅದು ಮುರದೈತಿ, ಬಿದ್ದೀ" ಎನ್ನುತ್ತಿದ್ದಳು. ಆಯಿ ಇಲ್ಲದಾಗ ಅಲುಗಾಡಿಸಿ ನೋಡಿದೆ. ಮುರಿದಿರಲಿಲ್ಲ, ಬಂಡೆಯಂತೆ ಗಟ್ಟಿಯಾಗಿತ್ತು.

ನಾನು ಒಳ್ಳೆಯ ಹುಡುಗಿ. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ, ಏಕೆಂದರೆ ಬೇರೆ ಯಾರೂ ಹೇಳಲಿಲ್ಲ. ನೀರು ತುಂಬುತ್ತಿದ್ದೆ, ಭಾಂಡೆ ತಿಕ್ಕುತ್ತಿದ್ದೆ, ಆಯಿಯ ಕಾಲು ಒತ್ತುತ್ತಿದ್ದೆ, ಶಾಲೆಯಲ್ಲಿ ಮೊದಲ ನಂಬರು ಬರುತ್ತಿದ್ದೆ. ಮಾರ್ಕ್ಸ್ ಕಾರ್ಡ್ ಹಿಡಿದು ಆಯಿಯ ಮುಂದೆ ನಿಂತರೆ "ಛಲೋ ಆತು" ಎನ್ನುತ್ತಿದ್ದಳು. ಕೋಳಿ ತತ್ತಿ ಇಟ್ಟಾಗ ಅದಕ್ಕೂ ಆಯಿ ಅದನ್ನೇ ಹೇಳುತ್ತಿದ್ದಳು, ಅದೂ ನನಗೆ ಹೇಳುವುದಕ್ಕಿಂತ ತುಸು ಹೆಚ್ಚು ಅಕ್ಕರೆಯಿಂದ.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ ನನ್ನ ಅಕ್ಕ ಶಾಂತಕ್ಕ ಡಿಗ್ರಿ ಕೊನೆಯ ವರ್ಷದಲ್ಲಿದ್ದಳು. ಅವಳಿಗೆ ಪಠ್ಯವಾಗಿ ಒಂದು ಅಮೆರಿಕನ್ ಕಾದಂಬರಿ ಇತ್ತು. ಸುಮ್ಮನೆ ಕಣ್ಣಲ್ಲಿ ಓದಿದರೆ ಅವಳ ತಲೆಗೆ ಹತ್ತುತ್ತಿರಲಿಲ್ಲ. ಓದಿದ್ದನ್ನು ಯಾರಿಗಾದರೂ ನಮ್ಮ ಮಾತಿನಲ್ಲಿ ಹೇಳಬೇಕು, ಅವರು ಹೂಂಗುಟ್ಟಬೇಕು, ಆಗ ನೆನಪಿರುತ್ತಿತ್ತು. ಹೂಂಗುಟ್ಟಲು ಬಿಡುವಿದ್ದವಳು ಆಯಿ ಒಬ್ಬಳೇ. ಹೀಗಾಗಿ ಆ ಚಳಿಗಾಲದ ಸಂಜೆಗಳಲ್ಲೆಲ್ಲ ಅಕ್ಕ ಪುಸ್ತಕ ಹಿಡಿದು ಬಸ್ಸು ಹತ್ತುತ್ತಿದ್ದಳು. ಆಯಿ ಉಡಿಯ ತುಂಬ ಕುದಿಸಿದ ತೊಗರಿಕಾಯಿ ಹಾಕಿಕೊಂಡು ಎದುರಿಗೆ ಕೂಡುತ್ತಿದ್ದಳು. ನಾನು ಕಿಟಕಿಯ ಪಕ್ಕ. ಅಪ್ಪ ಹೊಲದಿಂದ ಬಂದು ಬಸ್ಸಿನ ಮೆಟ್ಟಿಲ ಮೇಲೆ ನಮ್ಮ ಕಡೆ ಬೆನ್ನು ಮಾಡಿ ಕೂತು ಬೀಡಿ ಸೇದುತ್ತಿದ್ದ. ತಾನೇನೂ ಕೇಳುತ್ತಿಲ್ಲ ಎಂಬಂತೆ ಇರುತ್ತಿದ್ದ.

ಕತೆ ಒಬ್ಬ ಕಮ್ಮಾರನ ಮಗನದು. ಹುಲ್ಲೂ ಬೆಳೆಯದ ಬಯಲುಸೀಮೆಯ ಊರು, ಹತ್ತಿರದ ರೈಲು ಹಿಡಿಯಲು ಗಾಡಿಯಲ್ಲಿ ದಿನಗಟ್ಟಲೆ ಹೋಗಬೇಕು. ಅವನ ತಂಗಿ ಜ್ವರ ಬಂದು ದಾರಿಯಲ್ಲೇ ಸಾಯುತ್ತಾಳೆ. ಊರಿಗೆ ರೈಲು ತಂದೇ ತರುತ್ತೇನೆಂದು ಮನೆಯಲ್ಲಿ ಹೇಳದೆ ಹೊರಡುತ್ತಾನೆ. ಪಟ್ಟಣದಲ್ಲಿ ತಾನು ದೊಡ್ಡ ಮನೆತನದವನೆಂದು ಸುಳ್ಳು ಹೇಳಿ ಸಾಹುಕಾರರ ಪಂಕ್ತಿಯಲ್ಲಿ ಕೂಡುತ್ತಾನೆ, ನಂಬಿದ ಗೆಳೆಯನನ್ನು ಕೈಬಿಡುತ್ತಾನೆ, ತಾಯಿಯನ್ನು ಮರೆತವನಂತೆ ಇರುತ್ತಾನೆ. ಅಕ್ಕ ಅವನ ಇಂಗ್ಲಿಷ್ ಹೆಸರು ಹೇಳಿದರೆ ಆಯಿಯ ನಾಲಿಗೆ ಹೊರಳುತ್ತಿರಲಿಲ್ಲ. ಅವಳಿಗೆ ಅವನು 'ರೈಲಿನ ಹುಡುಗ'. ಸ್ವಲ್ಪ ದಿನಕ್ಕೇ ಆ ಹೆಸರೂ ಹೋಗಿ ಬರೀ 'ನಮ್ಮ ಹುಡುಗ' ಆದ. ಬೆಳಿಗ್ಗೆ ರೊಟ್ಟಿ ಬಡಿಯುತ್ತ, "ಶಾಂತಿ, ನಮ್ಮ ಹುಡುಗ ಉಂಡಾನೋ ಇಲ್ಲೋ? ನಿನ್ನೆ ಆ ಸಾಹುಕಾರನ ಮನ್ಯಾಗ ಬರೀ ಕುಡ್ಯಾಕ ಕೊಟ್ಟಿದ್ರಲ್ಲ" ಎಂದು ಕೇಳುತ್ತಿದ್ದಳು. ನಾನು ಎದುರಿಗೇ ಕೂತಿದ್ದೆ, ನಾನೂ ಉಂಡಿರಲಿಲ್ಲ.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಪುಸ್ತಕದಲ್ಲಿರುವವನ ಮೇಲೆ ಎಂಥ ಹೊಟ್ಟೆಕಿಚ್ಚು ಎಂದು ನೀವು ನಗಬಹುದು. ನಿಮ್ಮ ಮನೆಯಲ್ಲೂ ಅಂಥವನೊಬ್ಬ ಇದ್ದಿದ್ದರೆ ನಗುವುದಿಲ್ಲ. ಮನೆ ಬಿಟ್ಟು ಹೋದವನು, ಎಲ್ಲರನ್ನೂ ನೋಯಿಸಿದವನು, ಆದರೂ ಹಿರಿಯರು ಊಟಕ್ಕೆ ಕೂತಾಗ ಅವನಿಗಾಗಿಯೇ ಬಾಗಿಲ ಕಡೆ ನೋಡುತ್ತಾರೆ. ಪಕ್ಕದಲ್ಲಿ ಕೂತು ಬಡಿಸುವವರ ಮುಖ ಅವರಿಗೆ ಕಾಣುವುದೇ ಇಲ್ಲ. ಒಂದು ಸಂಜೆ ತಡೆಯಲಾರದೆ, "ಅವ ಕಳ್ಳ ಆಯಿ! ಸುಳ್ಳ! ಅವನಿಗ್ಯಾಕ ಇಷ್ಟು ಮರುಗ್ತಿ?" ಎಂದು ಕೂಗಿಬಿಟ್ಟೆ. ಅಕ್ಕ ನಕ್ಕಳು. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬರುತ್ತದಂತೆ, ಇಷ್ಟು ದೋಷಗಳಿದ್ದರೂ ಈ ಮಹತ್ವಾಕಾಂಕ್ಷಿ ಮೆಚ್ಚುಗೆಗೆ ಯೋಗ್ಯನಾಗುವುದು ಹೇಗೆ ಎಂದು. "ನೀನ ಹೇಳು ಆಯಿ, ಅದನ್ನ ಬರೀತೀನಿ" ಎಂದಳು.

ಆಯಿ ಉಡಿಯಲ್ಲಿದ್ದ ಸಿಪ್ಪೆಯನ್ನು ಕಿಟಕಿಯಾಚೆ ಕೊಡವಿದಳು. "ಸುಳ್ಳ ಹೇಳ್ಯಾನ, ಖರೆ. ನಾ ಇಲ್ಲನ್ನಂಗಿಲ್ಲ. ಆದ್ರ ತನ್ನ ಹೊಟ್ಟಿ ಸಲುವಾಗಿ ಹೇಳ್ಯಾನೇನು? ಊರ ಮಂದೀನೆಲ್ಲ ಹತ್ತಿಸ್ಕೊಂಡು ಹೋಗಬೇಕಂತ ಕನಸ ಕಂಡ. ಅಷ್ಟು ದೊಡ್ಡದು ಬೇಡಾಕೂ ಎದಿ ಬೇಕವ್ವ. ನಾವು ಜಲ್ಮ ಪೂರಾ ಬೇಡಿದ್ದೇನು? ಒಂದು ರೊಟ್ಟಿ, ಒಂದು ಸೀರಿ." ಇನ್ನೊಂದು ತೊಗರಿಕಾಯಿ ಸುಲಿಯುತ್ತ ಮತ್ತೆ ಹೇಳಿದಳು, "ಬೀಳೂಮುಂದ ಒಬ್ಬವನ ಬಿದ್ದ. ಯಾರ ಕೈ ಹಿಡದೂ ಎಳೀಲಿಲ್ಲ." ಮೆಟ್ಟಿಲ ಮೇಲೆ ಅಪ್ಪನ ಬೀಡಿ ಆರಿತ್ತು. ಅವನು ಮತ್ತೆ ಹಚ್ಚಲಿಲ್ಲ. ಎದ್ದು ಮನೆಯೊಳಗೆ ಹೋದ.

ಕತೆ ಮುಗಿಯುವ ಹೊತ್ತಿಗೆ ಹುಡುಗನ ಸುಳ್ಳೆಲ್ಲ ಬಯಲಾಗಿ, ಜನ ಅವನನ್ನು ಸುತ್ತುವರಿದಿದ್ದರು. ಆ ರಾತ್ರಿ ಆಯಿ ಎರಡೂ ಕೈ ಮುಗಿದು, "ನಮ್ಮ ಹುಡುಗ ನೆಟ್ಟಗ ಮನಿ ಮುಟ್ಟಲಿ, ಹನುಮಪ್ಪಗ ಕಾಯಿ ಒಡಸ್ತೀನಿ" ಎಂದು ಹರಕೆ ಹೊತ್ತಳು. ಅಕ್ಕ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. "ಆಯಿ, ಅವ ಪುಸ್ತಕದಾಗಿನವ!" ಆಯಿ ಎಳ್ಳಷ್ಟೂ ಕದಲಲಿಲ್ಲ. "ಎದರಾಗಿನವರ ಇರ್ಲಿ, ಹೆತ್ತಾಕಿ ಒಬ್ಬಾಕಿ ಅದಾಳಲ್ಲ" ಎಂದಳು. ನನಗೆ ಮಲೇರಿಯಾ ಬಂದು ಹಾಸಿಗೆ ಹಿಡಿದಾಗಲೂ ಆಯಿ ಹರಕೆ ಹೊತ್ತಿರಲಿಲ್ಲ. ಕಷಾಯ ಕುಡಿಸಿ "ಇಕಿ ಗಟ್ಟಿ ಅದಾಳ, ಏಳ್ತಾಳ" ಎಂದಿದ್ದಳು ಅಷ್ಟೆ.

ಮರುದಿನ ಅಕ್ಕ ಕೊನೆಯ ಪುಟ ಓದಿದಳು. ಊರಿಗೆ ರೈಲು ಬಂತು. ಜನ ಬ್ಯಾಂಡು ಬಾರಿಸಿದರು. ಹುಡುಗ ಮಾತ್ರ ಅಲ್ಲಿರಲಿಲ್ಲ, ಬೇರೆಲ್ಲೋ ಇನ್ನೊಂದು ರೈಲು ಹತ್ತಿ ಗುರುತಿಲ್ಲದ ಕಡೆ ಹೋಗಿದ್ದ. ಅಕ್ಕ ಪುಸ್ತಕ ಮುಚ್ಚಿದಳು. "ಆಮ್ಯಾಲೆ?" ಎಂದಳು ಆಯಿ. "ಅಷ್ಟ ಆಯಿ, ಮುಗೀತು." "ಹ್ಯಾಂಗ ಮುಗೀತೈತಿ? ಅವರವ್ವ ಇನ್ನಾ ಬಾಗಲಾಗ ಕುಂತಾಳಲ್ಲ?" ಅಕ್ಕ ಪುಟ ತಿರುಗಿಸಿ ತೋರಿಸಿದಳು. ಓದಲು ಬಾರದ ಆಯಿ ಆ ಖಾಲಿ ಹಾಳೆಯ ಮೇಲೆ ಬೆರಳಾಡಿಸಿ ನೋಡಿದಳು. ಕತ್ತಲಾಗುವವರೆಗೆ ಬಸ್ಸಿನಿಂದ ಇಳಿಯಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಆಯಿ ಮಿಂದು, ನನ್ನ ಕೈಯಲ್ಲಿ ಚೀಲ ಕೊಟ್ಟು, ಗುಡ್ಡದ ಹನುಮಪ್ಪನ ಗುಡಿಗೆ ಕರೆದುಕೊಂಡು ಹೋದಳು. ಹುಡುಗ ಮನೆ ಮುಟ್ಟಿಲ್ಲವಲ್ಲ, ಮತ್ತೆ ಕಾಯಿ ಯಾಕೆ ಎಂದರೆ, "ಮುಟ್ಟೂತನಕ ಒಡಸ್ತೀನಿ" ಎಂದಳು. ದಾರಿಯುದ್ದಕ್ಕೂ ನನಗೆ ಒಳಗೊಳಗೇ ಖುಷಿ. ನಮ್ಮ ಕಡೆ ಕಾಯಿ ಒಡೆಯುವ ಮುಂಚೆ ಪೂಜಾರಿ ಯಾರ ಹೆಸರಿನಲ್ಲಿ ಎಂದು ಕೇಳುತ್ತಾನೆ. ಆಯಿ ಆ ಅಮೆರಿಕದವನ ಹೆಸರು ಹೇಳಲು ಹೋಗಿ ತಡವರಿಸುತ್ತಾಳೆ, ಗುಡಿಯಲ್ಲಿದ್ದವರೆಲ್ಲ ನಗುತ್ತಾರೆ, ಅಲ್ಲಿಗೆ ಅವನ ಕಾಟ ತೀರುತ್ತದೆ ಎಂದುಕೊಂಡಿದ್ದೆ.

ಪೂಜಾರಿ ಕಾಯಿಯ ಜುಟ್ಟು ಸವರುತ್ತ, "ಯಾರ ಹೆಸರಿಲೆ ದೇವಮ್ಮ?" ಎಂದ.

"ಯಂಕಪ್ಪ" ಎಂದಳು ಆಯಿ.

ಕಾಕಾನ ಹೆಸರನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ದಿನಾ ಕರೆಯುವ ಹೆಸರಿನಷ್ಟು ಸಲೀಸಾಗಿ ಬಂತು. ಅಷ್ಟು ಸಂಜೆಗಳಲ್ಲಿ ಅವಳು ಕೇಳಿದ್ದು ಯಾರ ಕತೆ, ತೀರ್ಪು ಕೊಟ್ಟಿದ್ದು ಯಾರಿಗೆ, ದಿನಾ ಒರೆಸಿದ್ದು ಯಾರ ಸೀಟು ಎಂದು ಒಮ್ಮೆಲೇ ಗೊತ್ತಾಯಿತು. ಗೊತ್ತಾದ ಮೇಲೆ ಮನಸ್ಸು ಕರಗಬೇಕಿತ್ತು. ಕರಗಲಿಲ್ಲ. ಪುಸ್ತಕದವನಾದರೆ ಪರೀಕ್ಷೆ ಮುಗಿದ ಮೇಲೆ ಹೋಗುತ್ತಿದ್ದ, ಇವನು ಎಂದೂ ಹೋಗುವವನಲ್ಲ ಎಂದು ನನಗೆ ಇನ್ನಷ್ಟು ಸಂಕಟವಾಯಿತು. ಸಂಜೆ ಪ್ರಸಾದದ ಹೋಳು ಕೈಗಿಟ್ಟಾಗ ಅಪ್ಪ ಅದನ್ನು ಕಣ್ಣಿಗೊತ್ತಿಕೊಂಡ. ಯಾರ ಹೆಸರಿನದೆಂದು ಕೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಕ್ಕನನ್ನು ಕರೆದು, "ಶಾಂತಿ, ಆ ರೈಲಿನ ಹುಡುಗ ಮನಿಗಿ ಬರ್ತಾನೇನು, ಮುಂದ ಏನರ ಬರದಾರೇನು?" ಎಂದು ಮೆಲ್ಲಗೆ ವಿಚಾರಿಸಿದ. ಹಾಗಾದರೆ ಅಪ್ಪನೂ ಅವನ ಪಕ್ಷವೇ.

ಅಕ್ಕ ಪರೀಕ್ಷೆಯಲ್ಲಿ ಆಯಿಯ ಮಾತನ್ನೇ ಇಂಗ್ಲಿಷಿನಲ್ಲಿ ಬರೆದು ಪಾಸಾದಳು, ಮದುವೆಯಾಗಿ ಹತ್ತಿಕುಣಿಗೆ ಹೋದಳು. ಕಾಕಾ ಬರಲಿಲ್ಲ. ಪ್ರತಿ ಅಮಾವಾಸ್ಯೆ ಅವನ ಹೆಸರಿನ ಕಾಯಿ ಮಾತ್ರ ತಪ್ಪಲಿಲ್ಲ. ನಡೆಯಲಾರದಾದಾಗ ಆಯಿಯನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಹೋದವಳು ನಾನು, ಅವಳ ಬಾಯಿಗೆ ಕೊನೆಯ ಗುಟುಕು ನೀರು ಹಾಕಿದವಳೂ ನಾನೇ. ಪ್ರತಿ ಸಲ ಪೂಜಾರಿ ಕೇಳಿದಾಗ, ಈ ಸಲವಾದರೂ ನಾಗಮ್ಮ ಎಂದಾಳೇನೋ ಎಂದು ಕಾಯುತ್ತಿದ್ದೆ. ಅವಳು ಎನ್ನಲಿಲ್ಲ. ಎಲ್ಲಿಗೂ ಹೋಗದವಳು ತಿರುಗಿ ಬರಲಿ ಎಂದು ಯಾರು ತಾನೇ ಹರಕೆ ಹೊರುತ್ತಾರೆ?

ಆಯಿಯ ನಂತರ ಅಪ್ಪನೂ ಹೋದ. ರಸ್ತೆ ಅಗಲ ಮಾಡುವಾಗ ಬೇವಿನ ಮರ ಕಡಿದರು, ಗುಜರಿಯವರು ಬಸ್ಸನ್ನು ತುಂಡು ಮಾಡಿ ಲಾರಿಗೆ ಹೇರಿದರು. ಅವರು ಬರುವ ಮೊದಲು ಚಾಲಕನ ಸೀಟಿನ ಮೇಲೆ ಕೂತು ನೋಡಿದೆ. ಅಲ್ಲಿಂದ ನೇರವಾಗಿ ಕಾಣುತ್ತಿದ್ದುದು ನಮ್ಮ ಅಡುಗೆಮನೆಯ ಕಿಟಕಿ. ಅದರೊಳಗೆ ಆಯಿ ರೊಟ್ಟಿ ಬಡಿಯುತ್ತಿದ್ದ ಒಲೆ. ಈಗ ಬಸ್ಸು ನಿಂತಿದ್ದ ಜಾಗದಲ್ಲಿ ಮೊಬೈಲ್ ಅಂಗಡಿಯಿದೆ.

ಇದಕ್ಕೆಲ್ಲ ಮುಂಚೆ, ಆಯಿ ತೀರಿಕೊಂಡ ಮೇಲಿನ ಮೊದಲ ಅಮಾವಾಸ್ಯೆಗೆ, ಒಂದು ಕಾಯಿ ಹಿಡಿದು ಒಬ್ಬಳೇ ಗುಡ್ಡ ಹತ್ತಿದೆ. ಈ ಸಲ ನನ್ನ ಹೆಸರೇ, ಯಾರು ಏನಾದರೂ ಅನ್ನಲಿ ಎಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡಿದ್ದೆ. ಹಳೆಯ ಪೂಜಾರಿಯ ಮಗ ಕಾಯಿ ತೆಗೆದುಕೊಂಡು, "ಯಾರ ಹೆಸರಿಲೆರಿ ಮೇಡಂ?" ಎಂದು ಕೇಳಿದ. ಬಾಯಿ ತೆರೆದೆ.

"ಯಂಕಪ್ಪ" ಎಂದೆ.

ಕಾಯಿ ಒಂದೇ ಏಟಿಗೆ ಎರಡು ಹೋಳಾಯಿತು. ಒಂದು ಹೋಳನ್ನು ಅವನು ನನ್ನ ಕೈಗಿಟ್ಟ. ಕಟ್ಟೆಯ ಮೇಲೆ ಕೂತು ಕಚ್ಚಿದೆ. ಸಿಹಿಯಾಗಿತ್ತು, ಅದಕ್ಕೂ ನನಗೆ ಸಿಟ್ಟು ಬಂತು.